ಮೂಲಂಗಿಯಿಂದ ಕೆಂಗೇರಿಗೆ

ನನ್ನ ಮೊಬೈಲಿನಲ್ಲಿ ನಾನು ಬರೆದಿಟ್ಟುಕೊಂಡಿರುವ ಟಿಪ್ಪಣಿಗಳನ್ನು ಯಾರಿಗೂ ತೋರಿಸುವಂತಿಲ್ಲ. ಹುಳಿಪುಡಿಗೆ ಕೊತ್ತಂಬರಿ ಬೀಜ ಎಷ್ಟು ಎಂಬುದರ ಕೆಳಗೇ ಮೊಣಕಾಲಿನ ಡಾಕ್ಟರು ಹೇಳಿದ ವ್ಯಾಯಾಮವಿದೆ. ಅದರ ಕೆಳಗೆ ‘ನೀಲಿ ಬ್ಲೌಸ್, ಗುರುವಾರ’ ಎಂದಿದೆ. ಹೊಲಿಯಲು ಕೊಡಬೇಕಾದ ಗುರುವಾರವೋ ತರಬೇಕಾದ ಗುರುವಾರವೋ ಗೊತ್ತಿಲ್ಲ. ‘ಅವರಿಗೆ ಹೇಳಬಾರದು’ ಎಂಬ ಒಂದು ಟಿಪ್ಪಣಿಯೂ ಇದೆ. ಯಾರಿಗೆ, ಏನನ್ನು ಎಂಬುದು ಮರೆತುಹೋಗಿರುವುದರಿಂದ ಈಗ ಎಲ್ಲರ ಹತ್ತಿರವೂ ಸ್ವಲ್ಪ ಹುಷಾರಾಗಿಯೇ ಮಾತಾಡುತ್ತಿದ್ದೇನೆ.

ಮೊನ್ನೆ ಭಾನುವಾರ ಮಗಳು ಸಿಂಧು ನನ್ನ ಫೋನು ಕೈಗೆತ್ತಿಕೊಂಡವಳು ಹೌಹಾರಿದಳು.

“ಇದೇನಮ್ಮಾ ಇದು, ಒಳ್ಳೆ ಸಂತೆ ಥರ ಇದೆ! ತಾಳು, ಫೋಲ್ಡರ್ ಮಾಡ್ಕೊಡ್ತೀನಿ. ಅಡುಗೆ ಒಂದು, ಆಸ್ಪತ್ರೆ ಒಂದು, ನೆಂಟರಿಷ್ಟರು ಒಂದು. ಒಳಗಡೆ ಮತ್ತೆ ಚಿಕ್ಕ ಚಿಕ್ಕ ಫೋಲ್ಡರ್ ಹಾಕೋಣ.”

“ಸರಿ. ಮೆಂತ್ಯ ನೆನೆಸಿ ಕುಡಿಯೋದು ಎಲ್ಲಿಗೆ ಹೋಗುತ್ತೆ?”

“ಅಡುಗೆಗೆ.”

“ಅದು ಶುಗರ್‌ಗಲ್ವೇನೆ?”

“ಹಾಗಾದ್ರೆ ಆಸ್ಪತ್ರೆಗೆ.”

“ಹೇಳ್ಕೊಟ್ಟಿದ್ದು ಸುಶೀಲಾ. ಅವಳ ಮಗಳ ಮದುವೆಗೆ ನಾನು ಹೋಗ್ಲಿಲ್ಲ, ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬರ್ಬೇಕು. ಅದೂ ಅದರಲ್ಲೇ ಬರ್ದಿದೀನಿ ನೋಡು.”

ಸಿಂಧು ನನ್ನ ಫೋನನ್ನು ಸೋಫಾದ ಮೇಲಿಟ್ಟಳು. ಆಮೇಲೆ ತನ್ನ ಫೋನು ತೆಗೆದು ತೋರಿಸಿದಳು. “ನಿನಗೆ ಇದೇ ಸರಿ ಬಿಡು. ಇದರಲ್ಲಿ ಡಬ್ಬಗಳೇ ಇಲ್ಲ. ಮೆಂತ್ಯ ಅಂತ ಬರಿ, ಅದನ್ನ ಸುಶೀಲಾ ಆಂಟಿಗೆ ಗಂಟು ಹಾಕು, ಶುಗರ್‌ಗೂ ಗಂಟು ಹಾಕು. ಒಂದನ್ನ ಒತ್ತಿದ್ರೆ ಇನ್ನೊಂದಕ್ಕೆ ಕರ್ಕೊಂಡು ಹೋಗುತ್ತೆ.” ತೆರೆಯ ಮೇಲೆ ಅವಳ ಟಿಪ್ಪಣಿಗಳೆಲ್ಲ ಚುಕ್ಕಿಗಳಾಗಿ ಹರಡಿಕೊಂಡಿದ್ದವು. ಚುಕ್ಕಿಯಿಂದ ಚುಕ್ಕಿಗೆ ತೆಳ್ಳನೆಯ ಗೆರೆಗಳು.

ನಾನು ಆ ಗೆರೆಗಳನ್ನು ನೋಡುತ್ತ ಉಳಿದೆ.

“ಏನಮ್ಮಾ?”

“ಇದನ್ನ ನಾನು ವಿಜಯನಗರದ ಮನೇಲಿ ಕ್ಯಾಲೆಂಡರ್ ಹಿಂದುಗಡೆ ಬರೆದಿದ್ದೆ ಕಣೇ. ನಿಮ್ಮ ತಾತನಿಗೋಸ್ಕರ.”

ಅವಳಿಗೆ ಅಂದು ಯಾರದೋ ಮನೆಗೆ ಹೋಗುವುದಿತ್ತು, ಅರ್ಧ ಕೇಳಿ ಓಡಿದಳು. ಮಿಕ್ಕದ್ದನ್ನು ನಿಮಗಾದರೂ ಹೇಳಿ ಮುಗಿಸುತ್ತೇನೆ. ನಿಮಗೂ ಎಲ್ಲಿಗೋ ಹೊರಡುವುದಿದ್ದರೆ ನನ್ನ ಅಭ್ಯಂತರವಿಲ್ಲ.

ನಮ್ಮಪ್ಪ ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ನಟ್ಟು, ಬೋಲ್ಟು, ವಾಷರು, ಬೇರಿಂಗು ಎಲ್ಲವೂ ಅವರ ಸುಪರ್ದಿನಲ್ಲಿ. ಯಾವ ರ‍್ಯಾಕು, ರ‍್ಯಾಕಿನಲ್ಲಿ ಯಾವ ಸಾಲು, ಸಾಲಿನಲ್ಲಿ ಯಾವ ಖಾನೆ ಎಂದು ಹೇಳಲು ಅವರಿಗೆ ತಲೆಯೆತ್ತಬೇಕಾದ ಅಗತ್ಯವೂ ಇರಲಿಲ್ಲ. ಮನೆಯನ್ನೂ ಅವರು ಹಾಗೆಯೇ ಇಟ್ಟಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಗಳು ಸಾಲಾಗಿ ಗೂಡಿನಲ್ಲಿ ಕೂತಿರುತ್ತಿದ್ದವು, ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದ ಚೀಟಿ. ‘ಮೊಳೆ, ದೊಡ್ಡದು.’ ‘ಮೊಳೆ, ಸಣ್ಣದು.’ ‘ಮೊಳೆ, ಸೊಟ್ಟಗಾದದ್ದು.’ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಅಂಗಳದ ಕಲ್ಲಿನ ಮೇಲೆ ಸೊಟ್ಟ ಮೊಳೆಗಳನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೆಟ್ಟಗೆ ಮಾಡುತ್ತಿದ್ದರು. ನೆಟ್ಟಗಾದವಕ್ಕೆ ಮೇಲಿನ ಡಬ್ಬಕ್ಕೆ ಬಡ್ತಿ. ನನಗಾಗ ಅದು ಶಾಲೆಯಲ್ಲಿ ಪಾಸಾಗುವುದರಷ್ಟೇ ಗಂಭೀರ ವಿಷಯವಾಗಿ ಕಾಣುತ್ತಿತ್ತು.

ಅಮ್ಮನಿಗೆ ಡಬ್ಬಗಳಲ್ಲಿ ನಂಬಿಕೆಯಿರಲಿಲ್ಲ. ಅವಳ ವಸ್ತುಗಳೆಲ್ಲ ಕಥೆಗಳಲ್ಲಿರುತ್ತಿದ್ದವು.

“ಕತ್ತರಿ ಎಲ್ಲಿ?” ಎಂದು ಅಪ್ಪ ಕೇಳಿದರೆ ಅವಳು ಒಲೆಯ ಮುಂದೆ ನಿಂತಲ್ಲೇ ಶುರು ಮಾಡುತ್ತಿದ್ದಳು. “ಮೊನ್ನೆ ಪಕ್ಕದ್ಮನೆ ಮಗೂಗೆ ಜ್ವರ ಬಂತಲ್ಲ, ಅವತ್ತು ಬಟ್ಟೆಪಟ್ಟಿ ಕತ್ತರಿಸೋಕೆ ತಗೊಂಡು ಹೋದೆ. ವಾಪಸ್ ಬರ್ತಾ ಇದ್ದಾಗ ಹನಿ ಹಾಕ್ತು. ಒಣಗಾಕಿದ್ದ ಹಪ್ಪಳ ಎತ್ಕೊಂಡೆ. ಹಾಗಾದ್ರೆ ಹಪ್ಪಳದ ಡಬ್ಬದಲ್ಲಿದೆ ನೋಡಿ.”

ಕತ್ತರಿ ಅಲ್ಲೇ ಇರುತ್ತಿತ್ತು.

“ಹಪ್ಪಳದ ಡಬ್ಬದಲ್ಲಿ ಕತ್ತರಿ ಇಡ್ತಾರೇನೇ ಯಾರಾದ್ರೂ?”

“ಸಿಕ್ತಲ್ಲ ರೀ?”

ಇಂಥ ಸಂಸಾರದಲ್ಲಿ ಹುಟ್ಟಿದ ನಾನು ಅಪ್ಪನ ಕಡೆಗೇ ವಾಲಿದ್ದೆ. ಶಿಕ್ಷಕರ ತರಬೇತಿಗೆ ಸೇರಿದ ಮೇಲಂತೂ ಕೆಂಪು ಶಾಯಿ, ಹಸಿರು ಶಾಯಿ, ಅಂಚು ಬಿಟ್ಟು ಬರೆಯುವುದು, ಉಪಶೀರ್ಷಿಕೆಯ ಕೆಳಗೆ ಗೆರೆ ಎಳೆಯುವುದು, ಇವುಗಳಲ್ಲೇ ಮುಳುಗಿಹೋಗಿದ್ದೆ. ಪಾಠ ಎಷ್ಟು ತಲೆಗೆ ಹತ್ತುತ್ತಿತ್ತು ಎಂದು ಮಾತ್ರ ಕೇಳಬೇಡಿ.

ಆಗಲೇ ಒಂದು ಬೆಳಿಗ್ಗೆ ಅಪ್ಪ ಕಿಟಕಿಯ ಸರಳಿಗೆ ಕನ್ನಡಿ ತೂಗುಹಾಕಿ ಗಡ್ಡ ಹೆರೆದುಕೊಳ್ಳುತ್ತಿದ್ದವರು ರೇಜರನ್ನು ಕೈಬಿಟ್ಟರು. ಬಗ್ಗಿ ಎತ್ತಿಕೊಳ್ಳಲು ಹೋದರು, ಆಗಲಿಲ್ಲ. ಅರ್ಧ ಮುಖದಲ್ಲಿ ಸೋಪಿನ ನೊರೆ ಹಾಗೇ ಇತ್ತು. ಅಮ್ಮ ಓಡಿ ಬಂದು ಹಿಡಿದುಕೊಂಡಾಗ ಏನೋ ಹೇಳಲು ಹೊರಟರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮಾತು ಬರಲಿಲ್ಲ.

ಕೆಲವು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಲಗಾಲು ಎಳೆದುಕೊಂಡಾದರೂ ನಡೆಯುತ್ತಿದ್ದರು, ಬಲಗೈಯೂ ಸ್ವಲ್ಪ ಸ್ವಲ್ಪವಾಗಿ ಹಿಡಿತಕ್ಕೆ ಬರುತ್ತಿತ್ತು. ಮಾತು ಮಾತ್ರ ಚೆಲ್ಲಾಪಿಲ್ಲಿಯಾಗಿತ್ತು. ಮೊದಲ ದಿನ ಅಮ್ಮನನ್ನು ಕರೆದು, “ಗ್ರೀಸು ಕೊಡು” ಎಂದರು. ಅವಳು ದಿಕ್ಕು ತೋಚದೆ ನನ್ನ ಮುಖ ನೋಡಿದಳು. ಅವರಿಗೆ ಬೇಕಾಗಿದ್ದದ್ದು ಕಾಫಿ. ದಿಂಬಿಗೆ ‘ಸ್ಪ್ಯಾನರು’ ಎನ್ನುತ್ತಿದ್ದರು, ನನಗೆ ‘ಗುರುವಾರ’ ಎನ್ನುತ್ತಿದ್ದರು. ಅಮ್ಮ ನಗಿಸಲು ನೋಡಿದಳು: “ಕಾಫಿ ಗಟ್ಟಿ ಆಗಿದೆ ಅಂತ ಹಾಗಂದ್ರೇನೋ ಅಂದ್ಕೊಂಡೆ.” ಅಪ್ಪ ನಗಲಿಲ್ಲ. ತಪ್ಪು ಶಬ್ದ ಬಾಯಿಂದ ಹೊರಬಿದ್ದ ಕೂಡಲೇ ಅದು ತಪ್ಪೆಂದು ಅವರಿಗೆ ತಿಳಿಯುತ್ತಿತ್ತು. ಆಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಮಾತಾಡುವುದನ್ನೇ ಬಿಟ್ಟು ಎಡಗೈಯಲ್ಲಿ ಬೊಟ್ಟು ಮಾಡಿ ತೋರಿಸತೊಡಗಿದರು.

ಡಾಕ್ಟರು ಹೇಳಿದ್ದು ಇಷ್ಟೇ: “ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಹೆಸರು ಸಿಗಲ್ಲ ಅಷ್ಟೆ. ಮಾತಾಡಿಸ್ತಾ ಇರಿ. ಸುಮ್ನಿರೋಕೆ ಬಿಡ್ಬೇಡಿ. ಸುಮ್ನಿದ್ದು ಅಭ್ಯಾಸ ಆಗೋದ್ರೆ ಆಮೇಲೆ ಕಷ್ಟ.”

ಇದು ನನ್ನ ಕ್ಷೇತ್ರ ಎಂದುಕೊಂಡೆ ನಾನು. ಮನೆಯಲ್ಲಿ ಕೂಡಿಹಾಕಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಒಂದೊಂದು ಶಬ್ದ ಬರೆದು, ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿದೆ. ಚಿತ್ರ ಬಿಡಿಸುವುದರಲ್ಲಿ ನನ್ನ ಕೈ ಅಷ್ಟಕ್ಕಷ್ಟೇ. ನನ್ನ ಹಸುವಿಗೂ ಮಂಚಕ್ಕೂ ಬಾಲವೊಂದೇ ವ್ಯತ್ಯಾಸ. ಕಾರ್ಡುಗಳನ್ನು ವಿಂಗಡಿಸಿ ಅಪ್ಪನ ಬಿಸ್ಕತ್ತಿನ ಡಬ್ಬಗಳಿಗೇ ತುಂಬಿದೆ. ಹಣ್ಣು. ತರಕಾರಿ. ಪಾತ್ರೆ. ಬಟ್ಟೆ. ತರಕಾರಿಯ ಒಳಗೆ ಮತ್ತೆ ಕಾಯಿ ಬೇರೆ, ಗೆಡ್ಡೆ ಬೇರೆ, ಸೊಪ್ಪು ಬೇರೆ. ಡಬ್ಬಗಳು ಸಾಲಾಗಿ ಕೂತದ್ದನ್ನು ಕಂಡು ಅಪ್ಪನ ಕಣ್ಣು ಬೆಳಗಿತು. ಎಡಗೈಯಿಂದ ಒಂದು ಡಬ್ಬವನ್ನು ತುಸು ಸರಿಸಿ ಸಾಲು ನೇರ ಮಾಡಿದರು. ಕಾಯಿಲೆ ಬಿದ್ದ ಮೇಲೆ ಅವರು ಇಷ್ಟಪಟ್ಟು ಮಾಡಿದ ಮೊದಲ ಕೆಲಸ ಅದು.

ಆದರೆ ಶಬ್ದಗಳು ಬರಲಿಲ್ಲ. ಬದನೆಕಾಯಿಯ ಕಾರ್ಡು ಹಿಡಿದರೆ “ಬೆಂಡೆ” ಎನ್ನುತ್ತಿದ್ದರು, ಬೆಂಡೆ ಹಿಡಿದರೆ “ಹೀರೆ.” ಒಂದೇ ಡಬ್ಬದೊಳಗಿದ್ದ ಹೆಸರುಗಳೆಲ್ಲ ಒಂದನ್ನೊಂದು ನೂಕಿಕೊಂಡು ಬಾಗಿಲಿಗೆ ಬಂದಂತೆ, ಬೇಕಾದದ್ದು ಹಿಂದೆಯೇ ಉಳಿದುಬಿಡುತ್ತಿತ್ತು. ನಾನು ತಾಳ್ಮೆಯಿಂದ, ತರಬೇತಿಯಲ್ಲಿ ಕಲಿಸಿದ್ದ ಧ್ವನಿಯಲ್ಲಿ, “ಮತ್ತೆ ನೋಡಿ ಅಪ್ಪಾ, ಇದು ಯಾವ ಕಾಯಿ?” ಎಂದು ಕೇಳುತ್ತಿದ್ದೆ. ನನಗೇ ಆ ಧ್ವನಿ ನೆನೆದರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ. ಅಪ್ಪ ಎಷ್ಟು ದಿನ ಸಹಿಸಿಯಾರು? ಒಂದು ಸಂಜೆ ತರಕಾರಿ ಡಬ್ಬವನ್ನು ಎತ್ತಿ ಹಜಾರದ ಆ ತುದಿಗೆ ಎಸೆದರು. ಕಾರ್ಡುಗಳೆಲ್ಲ ನೆಲದ ತುಂಬ ಹರಡಿದವು. ನಾನು ಅಳುತ್ತ ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ.

ಅಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೂತು ಕಾರ್ಡುಗಳನ್ನು ಆಯತೊಡಗಿದಳು. ಒಂದು ಕಾರ್ಡು ಎತ್ತಿಕೊಂಡವಳು ನಕ್ಕಳು.

“ಮೂಲಂಗಿ! ರೀ, ಬಸ್ಸಲ್ಲಿ ಮೂಲಂಗಿ ಚೀಲ ಹರಿದೋಗಿದ್ದು ಜ್ಞಾಪಕ ಇದೆಯಾ? ಡ್ರೈವರು ಬ್ರೇಕ್ ಹಾಕಿದಾಗೆಲ್ಲ ಮುಂದಕ್ಕೆ ಉರುಳೋವು. ನೀವು ಎಲ್ಲರ ಕಾಲ ಸಂದಿಗೆ ಕೈ ಹಾಕಿ ಎತ್ಕೋತಾ ಇದ್ರಿ. ಒಬ್ಳು ಹೆಂಗಸು ಹಾವು ಅಂತ ಕಿರುಚಿ ಸೀಟಿನ ಮೇಲೆ ಹತ್ತಿಬಿಟ್ಳು. ಆ ಕಂಡಕ್ಟರು ಬೇರೆ, ‘ಇವಕ್ಕೂ ಟಿಕೆಟ್ ತಗೊಳ್ಳಿ ಸಾರ್’ ಅಂದ.” ಅಪ್ಪನ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದರು. “ಎಲ್ಲಿಂದ ಬರ್ತಾ ಇದ್ವಿ ರೀ ನಾವು ಅವತ್ತು? ಮಾಗಡಿ ಕಡೆಯಿಂದಲೋ ಏನೋ…”

“ಕೆಂಗೇರಿ,” ಎಂದರು ಅಪ್ಪ.

“ಹೂಂ, ಕೆಂಗೇರಿ! ನಿಮ್ಮಕ್ಕನ ಮನೆಯಿಂದ, ಅವರ ಹಿತ್ತಿಲಲ್ಲಿ ಬೆಳೆದಿದ್ದು…” ಎಂದು ಮುಂದುವರಿಸಿದ ಅಮ್ಮ ಅರ್ಧಕ್ಕೇ ನಿಂತಳು. ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದೆ.

“ಚೆನ್ನಕ್ಕ,” ಎಂದರು ಅಪ್ಪ, ಅಮ್ಮನ ಮಾತಿಗೆ ಉತ್ತರವಾಗಿ. ಕೆಂಗೇರಿಯ ಅಕ್ಕನ ಹೆಸರು. ಆಮೇಲೆ ಅವಳ ಕೈಯಲ್ಲಿದ್ದ ಕಾರ್ಡಿನ ಕಡೆ ನೋಡಿ, ಯಾರೂ ಕೇಳದೆಯೇ, “ಮೂಲಂಗಿ” ಎಂದರು.

ಅಂದು ರಾತ್ರಿಯ ಊಟಕ್ಕೆ ಅಮ್ಮ ಏನು ಮಾಡಿದ್ದಳೆಂದು ನಿಮಗೆ ಹೇಳಬೇಕಾಗಿಲ್ಲ. ಮನೆಯೆಲ್ಲ ಅದೇ ವಾಸನೆ.

ಅಮ್ಮ ಕೆಂಗೇರಿಯನ್ನು ನಿಜವಾಗಿಯೂ ಮರೆತಿದ್ದಳು. ಗುಟ್ಟು ಅಲ್ಲಿತ್ತು. ನಾನು ಕೇಳುತ್ತಿದ್ದದ್ದು ಪರೀಕ್ಷೆ, ಅವಳು ಕೇಳಿದ್ದು ಸಹಾಯ. ಮುಂದೆ ಎಷ್ಟೋ ಸಲ ಅವಳು ಬೇಕೆಂದೇ ಮರೆತವಳಂತೆ ನಟಿಸಿದ್ದುಂಟು. ಅಪ್ಪ ಅದನ್ನು ಕೂಡಲೇ ಹಿಡಿದು ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮಾರನೆಯ ದಿನ ನಾನು ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ಬೋರಲು ಹಾಕಿ ನಡುವೆ ಮೂಲಂಗಿ ಎಂದು ಬರೆದೆ. ಅಲ್ಲಿಂದ ಒಂದು ಗೆರೆ ಕೆಂಗೇರಿಗೆ, ಒಂದು ಬಸ್ಸಿಗೆ, ಒಂದು ಹಾವಿಗೆ. ಕೆಂಗೇರಿಯಿಂದ ಚೆನ್ನಕ್ಕನಿಗೆ, ಚೆನ್ನಕ್ಕನಿಂದ ಅವಳ ನಶ್ಯದ ಡಬ್ಬಿಗೆ, ಅಲ್ಲಿಂದ ಸೀನಿಗೆ, ಕರವಸ್ತ್ರಕ್ಕೆ. ಹಾಳೆ ತುಂಬಿದಾಗ ಅದನ್ನು ಗೋಡೆಗೆ ಅಂಟಿಸಿ ಇನ್ನೊಂದು ಹಾಳೆ. ‘ಬಸ್ಸು: ಗೋಡೆಯ ಹಾಳೆ ನೋಡಿ’ ಎಂದು ಅಂಚಿನಲ್ಲಿ ಬರೆಯುತ್ತಿದ್ದೆ. ಎಲ್ಲಕ್ಕೂ ತಲೆಬರಹ ಕೊಡುವ ಅಭ್ಯಾಸದ ನನಗೆ ಇದೊಂದು ಶಿಕ್ಷೆಯೇ. ಹಣ್ಣಿನ ಪಕ್ಕದಲ್ಲಿ ಚಪ್ಪಲಿ, ಚಪ್ಪಲಿಯ ಪಕ್ಕದಲ್ಲಿ ಮಾವನ ಹೆಸರು. ತರಬೇತಿ ಶಾಲೆಯ ಮೇಷ್ಟ್ರು ಯಾರಾದರೂ ಆ ಗೋಡೆಯನ್ನು ನೋಡಿದ್ದರೆ ನನ್ನನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲೇ ಇದ್ದೆನಲ್ಲ, ಅದೊಂದು ಸಮಾಧಾನ.

ಗೆರೆಗಳಿಗೊಂದು ತೊಂದರೆಯೂ ಇತ್ತು. ಅವು ಅಮ್ಮನಿಗೆ ಗೊತ್ತಿದ್ದವು, ಅಪ್ಪನಿಗೆ ಗೊತ್ತಿದ್ದವು, ಬರೆದ ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಯಾರನ್ನೋ ನೋಡಲು ರಾಜಾಜಿನಗರಕ್ಕೆ ಹೋಗಿದ್ದಳು. ಅಪ್ಪ ಗೋಡೆಯ ಹಾಳೆಯ ಮುಂದೆ ಕುರ್ಚಿ ಎಳೆಸಿಕೊಂಡು ಕೂತು ‘ಸೋಡಾ’ ಎಂಬ ಶಬ್ದದ ಮೇಲೆ ಬೆರಳಿಟ್ಟರು. ಅದನ್ನು ಓದಿದರು. ಆಮೇಲೆ ಬೆರಳನ್ನು ಮೆಲ್ಲನೆ ಜಾರಿಸಿ, ನಾನು ಎಳೆದಿರದ ದಾರಿಯಲ್ಲಿ, ‘ಚಪ್ಪಲಿ’ಯ ಮೇಲೆ ತಂದು ನಿಲ್ಲಿಸಿದರು.

“ಇವೆರಡಕ್ಕೂ ಏನಪ್ಪಾ ಸಂಬಂಧ?”

ಹೇಳಲು ನೋಡಿದರು. “ಅವಳು…” ಎಂದರು. “ಮೆಜೆಸ್ಟಿಕ್ಕು…” ಅಲ್ಲಿಗೇ ನಿಂತಿತು. ಆದರೆ ಸಿಟ್ಟಾಗಲಿಲ್ಲ. ಕುರ್ಚಿಗೊರಗಿ ತಮ್ಮಷ್ಟಕ್ಕೇ ನಗುತ್ತ ಕೂತರು. ನಾನು ಸುಮ್ಮನೆ ಗೆರೆ ಎಳೆದೆ.

ಸಂಜೆ ಅಮ್ಮ ಬಂದಾಗ ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಕಡೆ ನೋಡಿ, “ಅದನ್ನೆಲ್ಲ ಯಾಕೆ ಬರೆಸಿದ್ರಿ ರೀ?” ಎಂದು ಅಪ್ಪನನ್ನೇ ಗದರಿದಳು. ಆಮೇಲೆ ಅಡುಗೆಮನೆಯಲ್ಲಿ ನನಗೆ ಮಾತ್ರ ಹೇಳಿದಳು. ಮದುವೆಯಾದ ಹೊಸತು. ಸಿನಿಮಾ ತೋರಿಸಲು ಕರೆದುಕೊಂಡು ಹೋಗಿದ್ದರಂತೆ. ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅಪ್ಪ ಅವಳನ್ನು ಒಂದು ಅಂಗಡಿಯ ಮುಂದೆ ಕೂರಿಸಿ, ಕೈಗೊಂದು ಗೋಲಿ ಸೋಡಾ ಕೊಡಿಸಿ, ಕಿತ್ತ ಚಪ್ಪಲಿಯನ್ನು ತಾವೇ ಕೈಯಲ್ಲಿ ಹಿಡಿದು ಹೊಲಿಸಿಕೊಂಡು ಬರಲು ಹೋದರು. “ನಾನು ಅದನ್ನ ಕುಡಿಯೋದು ಹೇಗೆ ಅಂತಲೇ ಗೊತ್ತಿಲ್ದೆ ಹಾಗೇ ಹಿಡ್ಕೊಂಡು ಕೂತಿದ್ದೆ ಕಣೇ. ನಮ್ಮೂರಲ್ಲಿ ಗಂಡಸರು ಹೆಂಡ್ತಿ ಚಪ್ಪಲಿ ಮುಟ್ಟಿದ್ದು ನಾನಂತೂ ನೋಡಿರ್ಲಿಲ್ಲ,” ಎಂದಳು. ಸಿನಿಮಾ ಶುರುವಾಗಿ ಎಷ್ಟೋ ಹೊತ್ತಾದ ಮೇಲೆ ಒಳಗೆ ಹೋದರಂತೆ. ಕಥೆ ಏನೆಂದು ಇಬ್ಬರಿಗೂ ಅರ್ಥವಾಗಲಿಲ್ಲವಂತೆ.

ಎಲ್ಲ ಶಬ್ದಗಳೂ ಹಿಂದಿರುಗಿದವೆಂದು ನೀವು ತಿಳಿಯಬಾರದು. ಕೆಲವು ಬರಲೇ ಇಲ್ಲ. ಬಂದವೂ ದಿನಕ್ಕೊಂದು ಥರ. ಬೆಳಿಗ್ಗೆ ಸಿಕ್ಕ ‘ಕಿಟಕಿ’ ಸಂಜೆಗೆ ಮಾಯ. ಅಪ್ಪ ಕಾರ್ಖಾನೆಗೆ ಮರಳಲಿಲ್ಲ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಆ ಕಾಗದಕ್ಕೆ ಅಲುಗುವ ಬಲಗೈಯಲ್ಲೇ ಸಹಿ ಹಾಕಿದರು. ಹಾಕಿದ ಮೇಲೆ ಬಹಳ ಹೊತ್ತು ಅದನ್ನೇ ನೋಡಿದರು. ನನಗೆ ಕೆಲಸ ಸಿಗುವವರೆಗೆ ಅಮ್ಮ ಮನೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಅಂಗಡಿಗೆ ಹಾಕಿದಳು.

ಡಬ್ಬಗಳು ಕೆಲಸಕ್ಕೆ ಬಾರದವು ಎಂದೂ ತಿಳಿಯಬೇಡಿ. ಅಪ್ಪನ ಜಾಗಕ್ಕೆ ಬಂದಿದ್ದ ರಂಗಪ್ಪ ಅವರ ಕೈಕೆಳಗೇ ಕೆಲಸ ಕಲಿತವರು. ಒಂದು ಸಂಜೆ ಅವರು ಮನೆಗೆ ಬಂದು ತಲೆ ಕೆರೆದುಕೊಂಡು ನಿಂತರು. ಯಾವುದೋ ಹಳೆಯ ಮೆಷಿನ್ನು ನಿಂತಿತ್ತು, ಅದರ ಬೆಲ್ಟು ಸ್ಟೋರಿನಲ್ಲಿ ಎಲ್ಲಿದೆಯೆಂದು ಗೊತ್ತಿಲ್ಲ. “ನಿಮಗೆ ತೊಂದ್ರೆ ಕೊಡಬಾರ್ದು ಸಾರ್…” ಎಂದು ಮಾತು ಮುಗಿಸಲಾರದೆ ಒದ್ದಾಡಿದರು. ಅಪ್ಪ ಕಣ್ಣು ಮುಚ್ಚಿದರು. ಎಡಗೈ ಗಾಳಿಯಲ್ಲಿ ಮೇಲೆ ಹೋಯಿತು, ಪಕ್ಕಕ್ಕೆ ಸರಿಯಿತು, ಕೆಳಗಿಳಿಯಿತು. “ಹಿಂದೆ,” ಎಂದರು. “ಕೊನೇದು. ಕೆಳಗೆ. ಗೋಣಿ.” ಬೆಲ್ಟಿನ ಹೆಸರು ಅವರ ಬಾಯಿಗೆ ಬರಲೇ ಇಲ್ಲ. ಬೆಲ್ಟು ಮಾತ್ರ ಹಿಂದಿನ ಕೊನೆಯ ರ‍್ಯಾಕಿನ ಕೆಳಗೆ, ಗೋಣಿಯ ಅಡಿಯಲ್ಲಿ ಸಿಕ್ಕಿತಂತೆ.

ಆ ಸುದ್ದಿಯನ್ನು ಹೇಳಲೆಂದೇ ರಂಗಪ್ಪ ಮುಂದಿನ ಭಾನುವಾರ ಬಾಳೆಹಣ್ಣು ಹಿಡಿದು ಬಂದರು. ಅಮ್ಮನಿಗೆ ಹಿಗ್ಗೋ ಹಿಗ್ಗು. ಕಾಫಿ ಕೊಟ್ಟು, ಅಲ್ಲೇ ಹೊಸ್ತಿಲ ಹತ್ತಿರ ಕೂತು ಮಾತಿಗೆ ಶುರು ಮಾಡಿದಳು. ಅದೂ ಇದೂ ಆಗಿ ಮಾತು ವಿಜಯನಗರದ ಆ ಮನೆ ಕಟ್ಟಿದ ಕಾಲಕ್ಕೆ ಬಂತು.

“ಇವರು ಎಲ್ಲಿ ಬೇಕಾದ್ರೂ ಬಾಡಿಗೆಗೆ ಇದ್ಬಿಡೋರು ರಂಗಪ್ಪನೋರೇ. ಸೈಟು ತೋರ್ಸೋಕೆ ಕರ್ಕೊಂಡು ಬಂದ ದಿನ ನಾನೇ ಧೈರ್ಯ ಹೇಳಿದ್ದು. ನೋಡ್ತಿದ್ದ ಹಾಗೇ ಇಷ್ಟ ಆಗೋಯ್ತು ನಂಗೆ. ಇದೇ ಇರ್ಲಿ ಅಂದ್ಬಿಟ್ಟೆ.”

“ಸುಳ್ಳು,” ಎಂದರು ಅಪ್ಪ.

ಮೂವರೂ ಅವರ ಕಡೆ ತಿರುಗಿದೆವು.

“ಅತ್ತೆ,” ಎಂದರು.

ಇಷ್ಟು ಚೆನ್ನಾಗಿ ಶುರುವಾದದ್ದು ಮತ್ತೆ ದಾರಿ ತಪ್ಪಿತಲ್ಲ ಎಂದುಕೊಂಡೆ. ಅಮ್ಮ ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಧ್ವನಿಯಲ್ಲಿ ಕೇಳಿದಳು: “ಯಾವ ಅತ್ತೆ ರೀ? ನಮ್ಮತ್ತೆ ಅವತ್ತು ಬಂದಿರ್ಲಿಲ್ವಲ್ಲ?”

ಅಪ್ಪ ಜೋರಾಗಿ ತಲೆಯಾಡಿಸಿದರು. “ಅಲ್ಲ. ನೀನು. ನೀನು ಅತ್ತೆ.” ಎಡಗೈಯ ಬೆರಳನ್ನು ಕಣ್ಣಿನ ಕೆಳಗಿಟ್ಟು ಕೆನ್ನೆಯ ಮೇಲೆ ಗೆರೆಯಂತೆ ಎಳೆದು ತೋರಿಸಿದರು. “ಕಾಡು ಅಂದೆ. ನರಿ ಅಂದೆ. ಅಮ್ಮನ್… ಅಮ್ಮನ್ ಮನೆಗೆ… ಹೋಗ್ತೀನಿ ಅಂದೆ. ಅತ್ತೆ.”

ರಂಗಪ್ಪ ಕಾಫಿ ಲೋಟವನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ಇದ್ದರು. ಕಾಯಿಲೆ ಬಿದ್ದ ಮೇಲೆ ಅಪ್ಪ ಒಂದೇ ಸಲಕ್ಕೆ ಅಷ್ಟು ಮಾತಾಡಿರಲಿಲ್ಲ. ಒಂದೂ ತಪ್ಪು ಶಬ್ದವಿರಲಿಲ್ಲ. ಯಾವ ಹಾಳೆಯಲ್ಲೂ ಆ ಶಬ್ದಗಳಿಗೆ ನಾನು ಗೆರೆ ಎಳೆದಿರಲಿಲ್ಲ.

ಅಮ್ಮ ಅಪ್ಪನನ್ನೇ ನೋಡಿದಳು. ಈಗ ಅತ್ತೇಬಿಡುತ್ತಾಳೆ ಎಂದುಕೊಂಡೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

“ನಾನ್ಯಾಕ್ರೀ ಅಳ್ಲಿ? ಕಣ್ಣಿಗೆ ಧೂಳು ಬಿದ್ದಿತ್ತು. ಬಯಲು ಬಯಲಾಗಿತ್ತಲ್ಲ, ಧೂಳು ಏಳ್ತಾ ಇತ್ತು!”

“ಮಳೆ,” ಎಂದರು ಅಪ್ಪ, ಬಿಟ್ಟುಕೊಡದೆ. “ಅವತ್ತು ಮಳೆ. ಧೂಳೆಲ್ಲಿ?”

“ಮಳೆ ಬಂದಿದ್ದು ವಾಪಸ್ ಹೋಗೋವಾಗ!”

“ಬರೋವಾಗ!”

“ಹೋಗೋವಾಗ ರೀ! ನಂಗೆ ಗೊತ್ತಿಲ್ವಾ?”

ರಂಗಪ್ಪ ನನ್ನ ಕಡೆ ನೋಡಿದರು. ಏಳಲೋ, ಕೂರಲೋ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ನಾನು ಕೂತಿರಿ ಎಂದು ಸನ್ನೆ ಮಾಡಿ, ಅವರ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ತರಲು ಒಳಗೆ ಹೋದೆ. ಹಜಾರದಲ್ಲಿ ಅಪ್ಪ ಅಮ್ಮ ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳದೆ ಏಕಕಾಲಕ್ಕೆ ಜಗಳವಾಡುತ್ತಿದ್ದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುವವರೆಗೂ ನಾನು ಅದನ್ನು ಕೇಳುತ್ತ ನಿಂತೇ ಇದ್ದೆ.